ಮಾಟ್ಸ್-ಸಿ: ಮೈಟೊಕಾಂಡ್ರಿಯದ ಕಿರು ಪೆಪ್ಟೈಡ್

ಮಾಟ್ಸ್-ಸಿ ಕೇವಲ 16 ಅಮೈನೊ ಆಮ್ಲಗಳ ಪೆಪ್ಟೈಡ್. ಇನ್ಸುಲಿನ್‌ನಲ್ಲಿ 51 ಇರುತ್ತವೆ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾಂಗ್‌ಹಾನ್ ಲೀ, ಪಿಂಕಸ್ ಕೊಹೆನ್ ಮತ್ತು ಸಂಗಡಿಗರು 2015ರಲ್ಲಿ ಇದನ್ನು ಪ್ರಕಟಿಸಿದರು.

ಇದರ ಹುಟ್ಟೇ ವಿಚಿತ್ರ. ಮಾನವ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ 16,569 ಅಕ್ಷರಜೋಡಿಗಳಿವೆ, 37 ಜೀನ್‌ಗಳಿವೆ. ಪ್ರೊಟೀನ್ ಕೊಡುವವು 13 ಮಾತ್ರ ಎಂಬುದು ಪಠ್ಯಪುಸ್ತಕಗಳ ಲೆಕ್ಕ. ಮಾಟ್ಸ್-ಸಿ ಅಡಗಿರುವುದು ಪ್ರೊಟೀನ್ ಕೊಡದವುಗಳ ಪಟ್ಟಿಯಲ್ಲಿದ್ದ 12ಎಸ್ ರೈಬೊಸೋಮಲ್ ಆರ್‌ಎನ್‌ಎ ಜೀನ್‌ನಲ್ಲಿ. (ಆ ಲೆಕ್ಕವನ್ನು ಮೊದಲು ಅಲುಗಾಡಿಸಿದ್ದು 2001ರಲ್ಲಿ ಜಪಾನಿನಲ್ಲಿ ಸಿಕ್ಕ ಹ್ಯುಮನಿನ್ ಎಂಬ ಪೆಪ್ಟೈಡ್.) ಮಾಟ್ಸ್-ಸಿ ಸಂಕೇತದ ಎರಡನೆಯ ತ್ರಿವಳಿಯೇ ಎಜಿಜಿ. ಸಾಮಾನ್ಯ ಲಿಪಿಯಲ್ಲಿ ಅದು ಅರ್ಜಿನಿನ್ ಎಂಬ ಅಮೈನೊ ಆಮ್ಲ. ಮೈಟೊಕಾಂಡ್ರಿಯದ ಲಿಪಿಯಲ್ಲಿ ‘ನಿಲ್ಲು’. ಒಳಗೇ ಓದಿದರೆ ಶುರುವಿನಲ್ಲೇ ಮುಗಿಯಬೇಕು. ಹಾಗಾಗಿ ಆರ್‌ಎನ್‌ಎ ಹೊರಬಂದು, ಕೋಶದ್ರವ್ಯದ ರೈಬೊಸೋಮ್‌ಗಳಲ್ಲಿ ಪೆಪ್ಟೈಡ್ ಆಗುತ್ತದೆಂದು ಶೋಧಕರು ತೀರ್ಮಾನಿಸಿದರು. ಇಡೀ ಕಥೆಯಲ್ಲಿ ಸವಿಯಬೇಕಾದ ಭಾಗ ಇದೇ.

ಇದು ಮುಖ್ಯವಾಗಿ ಕೆಲಸ ಮಾಡುವುದು ಸ್ನಾಯುಗಳಲ್ಲಿ. ಫೋಲೇಟ್ ಚಕ್ರ ಮತ್ತು ಅದಕ್ಕೆ ಹೊಂದಿಕೊಂಡ ಪ್ಯೂರಿನ್ ತಯಾರಿಕೆಗೆ ತಡೆಯೊಡ್ಡುತ್ತದೆ. ಆಗ ಐಕಾರ್ ಎಂಬ ಮಧ್ಯಂತರ ವಸ್ತು ಶೇಖರವಾಗಿ, ಕೋಶದ ಶಕ್ತಿಯ ಜಮಾಖರ್ಚು ನೋಡುವ ಎಎಂಪಿಕೆ ಕಿಣ್ವ ಚುರುಕಾಗುತ್ತದೆ. ಗ್ಲೂಕೋಸ್ ಬಳಕೆ ಏರುತ್ತದೆ. ಕೊಬ್ಬಿನ ಆಹಾರ ತಿಂದ ಇಲಿಗಳಿಗೆ ಇದನ್ನು ಚುಚ್ಚಿದಾಗ ಬೊಜ್ಜು, ಇನ್ಸುಲಿನ್ ಪ್ರತಿರೋಧ ಎರಡೂ ತಗ್ಗಿದವು. ಕೋಶಕ್ಕೆ ಒತ್ತಡ ಬಿದ್ದಾಗ ಪೆಪ್ಟೈಡ್ ಕೋಶಕೇಂದ್ರಕ್ಕೇ ಹೋಗಿ ಅಲ್ಲಿನ ಜೀನ್‌ಗಳ ನಿಯಂತ್ರಣದಲ್ಲಿ ಕೈಯಾಡಿಸುತ್ತದೆಂದು 2018ರಲ್ಲಿ ಗೊತ್ತಾಯಿತು.

2021ರ ಅಧ್ಯಯನದಲ್ಲಿ ಸೈಕಲ್ ತುಳಿದ ಆರೋಗ್ಯವಂತ ಯುವಕರ ಸ್ನಾಯುಗಳಲ್ಲಿ ಇದರ ಮಟ್ಟ ಸುಮಾರು 12 ಪಟ್ಟು ಏರಿತು. ರಕ್ತದಲ್ಲಿ ಏರಿಕೆ ಅಷ್ಟಿರಲಿಲ್ಲ. ಚುಚ್ಚುಮದ್ದು ಪಡೆದ ಮುದಿ ಇಲಿಗಳು ಟ್ರೆಡ್‌ಮಿಲ್ ಮೇಲೆ ಮದ್ದಿಲ್ಲದ ನಡುವಯಸ್ಸಿನ ಇಲಿಗಳನ್ನೂ ಹಿಂದಿಕ್ಕಿದವು. ಅದೇ ವರ್ಷದ ಇನ್ನೊಂದು ಅಧ್ಯಯನದ ವಿಷಯ, 14ನೇ ಅಮೈನೊ ಆಮ್ಲ ಬದಲಾದ, ಪೂರ್ವ ಏಷ್ಯಾದವರಲ್ಲಿ ಕಾಣುವ ರೂಪಾಂತರ. ಅದನ್ನು ಹೊತ್ತ ಜಪಾನಿ ಗಂಡಸರಲ್ಲಿ, ಅದರಲ್ಲೂ ಮೈಬಗ್ಗಿಸದವರಲ್ಲಿ, ಎರಡನೇ ಬಗೆಯ ಮಧುಮೇಹ ಹೆಚ್ಚಾಗಿ ಕಂಡಿತು. ಹೆಂಗಸರಲ್ಲಿ ಈ ನಂಟು ಕಾಣಲಿಲ್ಲ.

ಇಲಿಯ ಓಟ ನೋಡಿ ಮಾರುಕಟ್ಟೆ ಆತುರಪಟ್ಟಿತು. ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿಯ ಸೀಸೆಗಳು ಆನ್‌ಲೈನ್‌ನಲ್ಲಿ ಬಿಕರಿಯಾಗುತ್ತಿವೆ. ಅಮೆರಿಕದ ಔಷಧ ನಿಯಂತ್ರಕರು ಇದನ್ನು ಮದ್ದೆಂದು ಒಪ್ಪಿಲ್ಲ. ಕ್ರೀಡಾಪಟುಗಳಿಗಂತೂ, ಎಎಂಪಿಕೆಯನ್ನು ಪ್ರಚೋದಿಸುವ ವಸ್ತುವೆಂದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಇದನ್ನು ನಿಷೇಧಿಸಿದೆ.