ಸ್ವಿಚ್ ಹಾಕಿದ ಮಾರನೆಯ ದಿನ

ಈ ವಿಡಿಯೊವನ್ನು ನೀವೂ ನೋಡಿರುತ್ತೀರಿ. ಅಂಥವು ನೂರಾರಿವೆ, ಆದರೆ ಎಲ್ಲವೂ ಒಂದೇ ಅಚ್ಚಿನವು. ತಾಯಿಯ ತೊಡೆಯ ಮೇಲೆ ವರ್ಷ ತುಂಬಿದ ಅಥವಾ ತುಂಬದ ಒಂದು ಮಗು. ತಲೆಗೆ ಆಯಸ್ಕಾಂತದಿಂದ ಅಂಟಿಕೊಂಡ ಬಿಲ್ಲೆ, ಕಿವಿಯ ಹಿಂದೆ ಪುಟ್ಟ ಯಂತ್ರ. ಮೇಜಿನಾಚೆ ಕುಳಿತ ಶ್ರವಣತಜ್ಞರು ಕಂಪ್ಯೂಟರಿನ ಕೀಲಿ ಒತ್ತುತ್ತಾರೆ. ತಾಯಿ ಹೆಸರು ಹಿಡಿದು ಕರೆಯುತ್ತಾಳೆ. ಮಗುವಿನ ಕಣ್ಣು ಅರಳುತ್ತದೆ, ಬಾಯಲ್ಲಿದ್ದ ನಿಪ್ಪಲ್ ಜಾರಿ ಬೀಳುತ್ತದೆ, ನಗು ಮೂಡುತ್ತದೆ. ಕೋಣೆಯಲ್ಲಿದ್ದವರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಎರಡು ನಿಮಿಷದೊಳಗೆ ಮುಗಿಯುವ ಚಿತ್ರ. ಮೊದಲ ಬಾರಿಗೆ ಅಮ್ಮನ ದನಿ ಕೇಳಿದ ಕಂದ ಎಂಬಂಥ ಒಂದು ತಲೆಬರಹ.

ಜ್ಞಾನೇಂದ್ರಿಯಗಳ ಪಾಠ ಮಾಡುವಾಗ ಇದನ್ನು ತರಗತಿಯಲ್ಲಿ ತೋರಿಸುವ ಅಧ್ಯಾಪಕರಿದ್ದಾರೆ. ತಪ್ಪೇನಿಲ್ಲ. ಆದರೆ ತೋರಿಸಿದ ಮೇಲೆ ಅದನ್ನು ವಿಜ್ಞಾನದ ಚಿತ್ರವೆಂದೇ ಪರೀಕ್ಷಿಸಬೇಕು. ಚಿತ್ರದಲ್ಲಿ ಕಾಣುವುದು ಸುಳ್ಳಲ್ಲ, ಮಗುವಿಗೆ ಏನೋ ಆಗಿದೆ. ಏನಾಗಿದೆ ಎಂಬಲ್ಲಿ ಮಾತ್ರ ಚಿತ್ರ ನಮ್ಮನ್ನು ದಾರಿ ತಪ್ಪಿಸುತ್ತದೆ.

ಮೊದಲು ಪ್ರಯೋಗದ ದೃಷ್ಟಿಯಿಂದ ನೋಡಿ. ಕೀಲಿ ಒತ್ತುವ ಕ್ಷಣದಲ್ಲಿ ತಾಯಿ ಮುಂದಕ್ಕೆ ಬಾಗುತ್ತಾಳೆ, ಅವಳ ಹುಬ್ಬು ಮೇಲೇರುತ್ತದೆ, ಸುತ್ತಲಿನವರ ಉಸಿರು ಬಿಗಿಯಾಗುತ್ತದೆ. ಮಗು ನಕ್ಕಿದ್ದು ಸದ್ದಿಗೋ ಆ ಮುಖಕ್ಕೋ? ತಾಯಿ ಮೌನವಾಗಿ ಬಾಗಿದರೆ ಏನಾಗುತ್ತಿತ್ತು, ಮಗುವಿನ ಬೆನ್ನ ಹಿಂದಿನಿಂದ ಕರೆದಿದ್ದರೆ ಏನಾಗುತ್ತಿತ್ತು ಎಂಬ ಹೋಲಿಕೆ ಚಿತ್ರದಲ್ಲಿಲ್ಲ. ಇನ್ನು 'ಅಮ್ಮನ ದನಿ' ಎಂಬ ಮಾತು. ಹುಟ್ಟಿ ಮೂರು ದಿನವೂ ಆಗದ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆ ಎಂದು ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿ ತೋರಿಸಿದರು. ಆ ಶಿಶುಗಳು ಗರ್ಭದಲ್ಲಿದ್ದಾಗಲೇ ವಾರಗಟ್ಟಲೆ ಆ ದನಿಯನ್ನು ಕೇಳಿಸಿಕೊಂಡಿದ್ದವು. ಹುಟ್ಟಿನಿಂದಲೇ ಪೂರ್ಣ ಕಿವುಡಾದ ಮಗುವಿಗೆ ಆ ಪೂರ್ವಪಾಠ ಇರುವುದಿಲ್ಲ. ಕೀಲಿ ಒತ್ತಿದ ಕ್ಷಣದಲ್ಲಿ ಅದಕ್ಕೆ ಅಮ್ಮನ ಮುಖ ಗೊತ್ತು, ದನಿ ಗೊತ್ತಿಲ್ಲ. ಅದು ದನಿ ಎಂಬುದೇ ಗೊತ್ತಿಲ್ಲ. ಅದುವರೆಗೆ ಇಲ್ಲದ್ದೊಂದು ಇದ್ದಕ್ಕಿದ್ದಂತೆ ಬಂದಿದೆ, ಅಷ್ಟೆ. ಅನೇಕ ಮಕ್ಕಳು ಆ ಕ್ಷಣದಲ್ಲಿ ಅಳುತ್ತವೆ. ಕೆಲವು ಆಡುವುದನ್ನು ನಿಲ್ಲಿಸಿ ಸ್ತಬ್ಧವಾಗುತ್ತವೆ. ಕೆಲವು ಏನೂ ಮಾಡುವುದಿಲ್ಲ, ಏಕೆಂದರೆ ಮೊದಲ ದಿನ ವಿದ್ಯುತ್ ಮಟ್ಟವನ್ನು ಬೇಕೆಂದೇ ಕಡಿಮೆ ಇಟ್ಟು, ಮುಂದಿನ ವಾರಗಳಲ್ಲಿ ಹಂತಹಂತವಾಗಿ ಏರಿಸುತ್ತಾರೆ. ಈ ಹೊಂದಿಸುವ ಕೆಲಸಕ್ಕೆ ಮ್ಯಾಪಿಂಗ್ ಎಂದು ಹೆಸರು. ಅಳುವ ಮಗುವಿನ, ಸುಮ್ಮನೆ ಕುಳಿತ ಮಗುವಿನ ವಿಡಿಯೊ ಯಾರೂ ಹಂಚುವುದಿಲ್ಲ. ಹೀಗಾಗಿ, ತನ್ನ ಮಗು ನಗಲಿಲ್ಲವೆಂದು ಹೆದರಿ ಮನೆಗೆ ಹೋಗುವ ತಾಯಿಗೆ ಈ ಚಿತ್ರಗಳು ಅನ್ಯಾಯ ಮಾಡುತ್ತವೆ.

ವಿಡಿಯೊಗಳನ್ನಷ್ಟೇ ದೂರುವುದು ಸರಿಯಲ್ಲ. ನಮ್ಮ ವಿಜ್ಞಾನ ಲೇಖನಗಳೂ ಇದೇ ದಾರಿ ಹಿಡಿದಿವೆ. ಕಿವಿಯ ಅಡ್ಡಕೊಯ್ತದ ಒಂದು ಚಿತ್ರ, ಸುಮಾರು ಎರಡೂವರೆ ಸುತ್ತಿನ ಶಂಖದಂತಿರುವ ಕಾಕ್ಲಿಯಾ, ಅದರೊಳಕ್ಕೆ ತೂರಿಸಿದ ಎಲೆಕ್ಟ್ರೋಡುಗಳ ಸರಿಗೆ. ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ 1978ರಲ್ಲಿ ಬಹುವಾಹಿನಿ ಸಾಧನವನ್ನು ಮೊದಲ ರೋಗಿಗೆ ಅಳವಡಿಸಿದ್ದು, ಅಮೆರಿಕದ ನಿಯಂತ್ರಣ ಸಂಸ್ಥೆ 1990ರಲ್ಲಿ ಎರಡು ವರ್ಷ ತುಂಬಿದ ಮಕ್ಕಳಿಗೂ ಒಪ್ಪಿಗೆ ಕೊಟ್ಟದ್ದು, 2013ರಲ್ಲಿ ಕ್ಲಾರ್ಕ್, ಇಂಗೆಬೋರ್ಗ್ ಹೋಕ್‌ಮೈರ್ ಮತ್ತು ಬ್ಲೇಕ್ ವಿಲ್ಸನ್ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂದದ್ದು. ಕೊನೆಯಲ್ಲಿ 'ಹೀಗೆ ಮಗು ಕೇಳತೊಡಗುತ್ತದೆ' ಎಂಬ ಸಾಲು. ವಿವರಿಸಬೇಕಾದ ವಿಜ್ಞಾನ ಆ ಸಾಲಿನ ನಂತರ ಶುರುವಾಗುತ್ತದೆ.

ಲೆಕ್ಕ ನೋಡೋಣ. ಸಹಜ ಕಾಕ್ಲಿಯಾದಲ್ಲಿ ಒಳಸಾಲಿನ ರೋಮಕೋಶಗಳು ಸುಮಾರು 3,500; ಅವುಗಳಿಂದ ಮಿದುಳಿನ ಕಡೆಗೆ ಹೊರಡುವ ನರತಂತುಗಳು ಸುಮಾರು 30,000. ಇಂಪ್ಲಾಂಟಿನಲ್ಲಿ ಇರುವ ಎಲೆಕ್ಟ್ರೋಡುಗಳು, ತಯಾರಕರನ್ನು ಅನುಸರಿಸಿ, 12 ರಿಂದ 22. ಅವುಗಳ ವಿದ್ಯುತ್ತೂ ಒಳಗಿನ ದ್ರವದಲ್ಲಿ ಹರಡಿ ಪಕ್ಕದ ತಂತುಗಳನ್ನು ಮುಟ್ಟುತ್ತದೆ. ಆದ್ದರಿಂದ ಸದ್ದಿನ ಏರಿಳಿತ, ಯಾವಾಗ ಶುರು, ಯಾವಾಗ ನಿಂತಿತು ಎಂಬ ಕಾಲದ ವಿವರ ಚೆನ್ನಾಗಿ ತಲುಪುತ್ತದೆ. ಆವೃತ್ತಿಯ ಸೂಕ್ಷ್ಮ ವಿವರ ಮಸುಕಾಗಿ ತಲುಪುತ್ತದೆ. ತಾಳ ಸಿಗುತ್ತದೆ, ರಾಗ ಸರಿಯಾಗಿ ಸಿಗುವುದಿಲ್ಲ.

ಇಷ್ಟು ಕಡಿಮೆ ಮಾಹಿತಿಯಲ್ಲಿ ಮಾತು ತಿಳಿಯುತ್ತದೆಯೆ? ತಿಳಿಯುತ್ತದೆ. ರಾಬರ್ಟ್ ಶ್ಯಾನನ್ ಮತ್ತು ಸಂಗಡಿಗರು 1995ರಲ್ಲಿ ಮಾತನ್ನು ಕೆಲವೇ ಆವೃತ್ತಿ ಪಟ್ಟಿಗಳಾಗಿ ಒಡೆದು, ಪ್ರತಿ ಪಟ್ಟಿಯಲ್ಲೂ ಗದ್ದಲವನ್ನು ತುಂಬಿ, ಏರಿಳಿತವನ್ನು ಮಾತ್ರ ಉಳಿಸಿ ಕೇಳಿಸಿದರು. ನಾಲ್ಕು ಪಟ್ಟಿ ಸಾಕಾಯಿತು, ಕೇಳಿದವರು ವಾಕ್ಯಗಳನ್ನು ಬಹುಮಟ್ಟಿಗೆ ಗುರುತಿಸಿದರು. ಇಂಪ್ಲಾಂಟಿನಲ್ಲಿ ಹೀಗೆ ಕೇಳಿಸುತ್ತದೆ ಎಂದು ಅಂತರ್ಜಾಲದಲ್ಲಿ ಸಿಗುವ ಧ್ವನಿಮುದ್ರಣಗಳು ಬಹುಪಾಲು ಇದೇ ತಂತ್ರದವು. ಪಿಯುಸಿ ವಿದ್ಯಾರ್ಥಿಗಳಿಗೆ ಕೇಳಿಸಿದರೆ ಎರಡನೆಯ ಸಲಕ್ಕೇ ವಾಕ್ಯ ಹಿಡಿಯುತ್ತಾರೆ. ಅಷ್ಟಕ್ಕೆ ಬಿಟ್ಟರೆ ಪಾಠ ತಲೆಕೆಳಗಾಗುತ್ತದೆ. ಅವರು ಹಿಡಿದದ್ದು ಭಾಷೆ ಮೊದಲೇ ಬರುತ್ತಿದ್ದುದರಿಂದ. ಕಿವಿ ಬಿಟ್ಟುಕೊಟ್ಟದ್ದನ್ನು ಭಾಷೆ ತುಂಬಿಕೊಂಡಿತು. ಮಗುವಿನ ಬಳಿ ಆ ಭಾಷೆಯೇ ಇಲ್ಲ. ಅದು ಹರಿದ ಪುಸ್ತಕವನ್ನು ಓದುತ್ತಲೇ ಅಕ್ಷರ ಕಲಿಯಬೇಕು.

ಇದಕ್ಕೆ ಕಾಲದ ಮಿತಿಯೂ ಇದೆ. ಸದ್ದಿಗೆ ಮಿದುಳಿನ ಹೊರಪದರ ತೋರುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆದು ಅನು ಶರ್ಮಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಸುಮಾರು ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಪಡೆದ ಮಕ್ಕಳಲ್ಲಿ ಆ ಪ್ರತಿಕ್ರಿಯೆ ಕೆಲವೇ ತಿಂಗಳಲ್ಲಿ ವಯಸ್ಸಿಗೆ ತಕ್ಕ ವೇಗಕ್ಕೆ ಬಂದಿತ್ತು. ಏಳು ವರ್ಷ ದಾಟಿದ ಮೇಲೆ ಪಡೆದವರಲ್ಲಿ ಹೆಚ್ಚಿನವರಿಗೆ ಬರಲಿಲ್ಲ. ಶಸ್ತ್ರಚಿಕಿತ್ಸೆ ಬೇಗ ಆಗಬೇಕೆಂಬುದಕ್ಕೆ ಇದನ್ನು ಉದಾಹರಿಸುತ್ತಾರೆ, ಸರಿ. ಆದರೆ ಬೇಗ ಆದ ಶಸ್ತ್ರಚಿಕಿತ್ಸೆಯ ನಂತರ ಮಗು ದಿನಕ್ಕೆ ಎಷ್ಟು ಗಂಟೆ ಯಂತ್ರ ಧರಿಸಿತ್ತು, ಆ ಗಂಟೆಗಳಲ್ಲಿ ಯಾರು ಅದರ ಜೊತೆ ಮಾತಾಡಿದರು ಎಂಬುದೂ ಅಷ್ಟೇ ಮುಖ್ಯವಾದ ಕಾಲ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ 2014ರಿಂದ ಬಡ ಕುಟುಂಬದ ಮಕ್ಕಳಿಗೆ ಇಂಪ್ಲಾಂಟ್ ಉಚಿತವಾಗಿ ಸಿಗುತ್ತಿದೆ. ಆಗ ನಿಗದಿಯಾದ ಮಿತಿ ಒಂದು ಮಗುವಿಗೆ 6 ಲಕ್ಷ ರೂಪಾಯಿ. ಆ ಹಣ ಸಾರ್ಥಕವಾಗುವುದೂ ಆಗದಿರುವುದೂ ಮನೆಯ ಮಾತಿನಲ್ಲಿ.

ಇನ್ನು ಕಲಿಸುವ ವಿಧಾನದ ವಿಮರ್ಶೆ. ಕೇಳುವುದನ್ನು ನಾರ್ಮನ್ ಅರ್ಬರ್ 1982ರಲ್ಲಿ ನಾಲ್ಕು ಹಂತಗಳಾಗಿ ವಿಂಗಡಿಸಿದರು: ಸದ್ದು ಇದೆಯೆ ಎಂದು ತಿಳಿಯುವುದು, ಎರಡು ಸದ್ದು ಬೇರೆ ಎಂದು ತಿಳಿಯುವುದು, ಇಂಥದ್ದೆಂದು ಗುರುತಿಸುವುದು, ಅರ್ಥ ಮಾಡಿಕೊಳ್ಳುವುದು. ಮಗು ಎಲ್ಲಿದೆ ಎಂದು ಅಳೆಯಲು ಇದು ಒಳ್ಳೆಯ ಅಳತೆಗೋಲು. ಅದನ್ನು ಮೆಟ್ಟಿಲೆಂದು ತಿಳಿದು, ಒಂದನ್ನು ಮುಗಿಸದೆ ಇನ್ನೊಂದಕ್ಕೆ ಹೋಗಬಾರದೆಂದರೆ ಮಾತ್ರ ತೊಂದರೆ. ತಮಟೆ ಹೊಡೆದಾಗ ಮಣಿ ಹಾಕು, ಗಂಟೆ ಬಾರಿಸಿದಾಗ ಮಣಿ ಹಾಕು ಎಂದು ತಿಂಗಳುಗಟ್ಟಲೆ ಕಳೆದರೆ ಮಗು ಮಣಿ ಹಾಕುವುದರಲ್ಲಿ ನಿಪುಣವಾಗುತ್ತದೆ. ಕೇಳುವ ಮಕ್ಕಳು ಹಾಗೆ ಕಲಿತದ್ದಲ್ಲ. ಅವು ಅರ್ಥವಿರುವ ಮಾತಿನ ನಡುವೆಯೇ ನಾಲ್ಕನ್ನೂ ಒಟ್ಟಿಗೆ ಕಲಿತವು.

ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವ ಪದ್ಧತಿಯೂ ಹೀಗೆಯೇ. ಮಗು ತುಟಿ ನೋಡದೆ ಕಿವಿಯಿಂದಲೇ ಕೇಳಲಿ ಎಂಬ ಉದ್ದೇಶ ಸರಿ. ಆದರೆ ಕೈ ಮೊದಲು ತಡೆಯುವುದು ಹೆಚ್ಚಿನ ಆವೃತ್ತಿಯ ಸದ್ದನ್ನು, ಅಂದರೆ ಕಲಿಸಬೇಕಾದ ಸ, ಶಗಳನ್ನೇ. ಜೊತೆಗೆ 'ಕೈ ಮೇಲೆದ್ದರೆ ಉತ್ತರ ಹೇಳಬೇಕು' ಎಂಬ ಬೇರೆಯೇ ಪಾಠವನ್ನು ಮಗು ಕಲಿಯುತ್ತದೆ. ಪಕ್ಕದಲ್ಲಿ, ಯಂತ್ರವಿರುವ ಕಿವಿಯ ಬದಿಗೆ ಕುಳಿತು, ಇಬ್ಬರೂ ಒಂದೇ ಆಟಿಕೆಯನ್ನು ನೋಡುತ್ತ ಮಾತಾಡಿದರೆ ತುಟಿಯ ಪ್ರಶ್ನೆಯೇ ಬರುವುದಿಲ್ಲ. ಈಗ ಅನೇಕ ಚಿಕಿತ್ಸಕರು ಹೀಗೆ ಮಾಡುತ್ತಾರೆ.

ನನ್ನ ದೊಡ್ಡ ತಕರಾರು ಸಾಮಗ್ರಿಯ ಬಗ್ಗೆ. ಈ ಕ್ಷೇತ್ರದ ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷಿನಿಂದ ಬಂದವು. ಅಲ್ಲಿನ ಹಸು 'ಮೂ' ಎನ್ನುತ್ತದೆ. ಅದನ್ನು 'ಅಂಬಾ' ಮಾಡಿಕೊಳ್ಳುವುದು ಸುಲಭ. (ರೈಲು ಇಂದಿಗೂ 'ಚುಕುಬುಕು' ಎನ್ನುತ್ತಿದೆ. ಉಗಿಬಂಡಿ ಹೋಗಿ ಎಷ್ಟು ವರ್ಷವಾಯಿತೋ! ಆದರೆ ಅದರ ತಾಳ ಇಂಪ್ಲಾಂಟಿಗೆ ಹೇಳಿ ಮಾಡಿಸಿದ್ದು, ಇರಲಿ.) ಕಷ್ಟ ಇರುವುದು ಪ್ರಾಣಿಗಳಲ್ಲಲ್ಲ, ವ್ಯಾಕರಣದಲ್ಲಿ. ಇಂಗ್ಲಿಷಿನಲ್ಲಿ ಬಹುವಚನ, ಸ್ವಾಮ್ಯ, ಕ್ರಿಯಾಪದದ ರೂಪ ಎಲ್ಲವೂ ಪದದ ಕೊನೆಯ ಒಂದು 'ಸ್' ಮೇಲೆ ನಿಂತಿವೆ. ಆದ್ದರಿಂದ ಅವರ ಅಭ್ಯಾಸಗಳೆಲ್ಲ 'ಸ್' ಹಿಂದೆ ಬೀಳುತ್ತವೆ. ಕನ್ನಡದಲ್ಲಿ ಆ ಭಾರವನ್ನು ಪ್ರತ್ಯಯಗಳು ಹೊರುತ್ತವೆ: ಮನೆಗೆ, ಮನೇಲಿ, ಮನೆಯಿಂದ, ಬಂದ, ಬಂದ್ಳು, ಬಂದ್ರು. ಎಲ್ಲಿಗೆ, ಎಲ್ಲಿಂದ, ಯಾರು ಎಂಬುದೆಲ್ಲ ಮಾತಿನ ಕೊನೆಯಲ್ಲಿದೆ. ನಮ್ಮ ದನಿ ಇಳಿಯುವುದೂ, ಉಚ್ಚಾರ ಸವೆಯುವುದೂ ಅಲ್ಲಿಯೇ. ಮಗುವಿನ ಜೊತೆ ಮಾತಾಡುವಾಗ ಕೊನೆಯನ್ನು ನುಂಗದೆ ಹೇಳಿ ಎಂಬುದು ಕನ್ನಡ ಕೈಪಿಡಿಯ ಮೊದಲ ಸೂಚನೆಯಾಗಬೇಕು.

ಇಂಪ್ಲಾಂಟಿಗೆ ಏನು ಸುಲಭ, ಏನು ಕಷ್ಟ ಎಂಬ ಮೇಲಿನ ವಿವರವನ್ನು ನಮ್ಮ ಪದಗಳಿಗೆ ಹೊಂದಿಸಿ ನೋಡಿ. ಕತೆ ಮತ್ತು ಕತ್ತೆ, ಕರು ಮತ್ತು ಕಾರು, ಬೆಳೆ ಮತ್ತು ಬೇಳೆ: ಈ ಜೋಡಿಗಳಲ್ಲಿ ಮುಖ್ಯ ವ್ಯತ್ಯಾಸ ಕಾಲದ್ದು. ಹ್ರಸ್ವ, ದೀರ್ಘ, ಒತ್ತು. 'ಕತ್ತೆ'ಯ ನಡುವೆ ಇರುವುದು ಒಂದು ಉದ್ದನೆಯ ಮೌನ, ಮತ್ತು ಮೌನವನ್ನು ಯಂತ್ರ ಚೆನ್ನಾಗಿಯೇ ತಲುಪಿಸುತ್ತದೆ. ಹಲ್ಲಿ ಮತ್ತು ಹಳ್ಳಿ, ಎಲೆ ಮತ್ತು ಎಳೆ: ಇಲ್ಲಿ ವ್ಯತ್ಯಾಸ ಆವೃತ್ತಿಯ ಸೂಕ್ಷ್ಮದಲ್ಲಿದೆ, ಆದ್ದರಿಂದ ಇವು ತಡವಾಗಿ ಬರುವುದೇ ಸಹಜ. (ಕೇಳುವ ಕಿವಿ ಇದ್ದೂ ಳಕಾರವನ್ನು ಬಿಟ್ಟುಕೊಟ್ಟವರು ನಮ್ಮಲ್ಲಿ ಕಡಿಮೆ ಇಲ್ಲ!) ಎಲ್ಲಕ್ಕಿಂತ ಕುತೂಹಲದ್ದು ಮನೆಯವರ ಹೆಸರುಗಳು: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ. ಶುರುವೂ ಅದೇ, ಕೊನೆಯೂ ಅದೇ, ತಾಳವೂ ಅದೇ. ಬೇರೆಯಾಗಿರುವುದು ನಡುವಿನ ವ್ಯಂಜನ ಮಾತ್ರ. ಅಮ್ಮ, ಅಣ್ಣಗಳಲ್ಲಿ ಮೂಗಿನ ದನಿಯಾದರೂ ಕೇಳುತ್ತದೆ. ಅಪ್ಪ ಮತ್ತು ಅಕ್ಕಗಳ ನಡುವೆ ಇರುವುದು ಬರಿಯ ಮೌನ. ಆ ಮೌನದ ಅಂಚಿನಲ್ಲಿ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಕಾಲ ಸ್ವರ ಬಾಗುವುದು ಒಂದು ಮುಖ್ಯ ಗುರುತು. ಮೊದಲ ಪದಗಳೆಂದು ನಾವು ಮಗುವಿನ ಮುಂದಿಡುವುದು ಕೇಳಲು ಅತ್ಯಂತ ಕಷ್ಟದ ಈ ಜೋಡಿಯನ್ನೇ. 'ಅಪ್ಪ ಅನ್ನು, ಅಪ್ಪ ಅನ್ನು' ಎಂದು ಪೀಡಿಸುವ ಮೊದಲು, 'ಅಪ್ಪ ಬಂದ್ರು ನೋಡು, ಬಾಗಿಲು ತೆಗಿ' ಎಂಬ ಇಡೀ ಮಾತನ್ನು ಅಪ್ಪ ಬಂದಾಗಲೆಲ್ಲ ಕೇಳಿಸಿದರೆ, ಮಗುವಿಗೆ ಹಿಡಿಯಲು ನಾಲ್ಕಾರು ಕೊಂಬೆಗಳಾದರೂ ಸಿಗುತ್ತವೆ.

ಹೀಗೆ ಕೇಳಿಸುವುದಕ್ಕೆ ವಿಶೇಷ ಆಟಿಕೆಗಳ ಪೆಟ್ಟಿಗೆ ಬೇಡ. ಕುಕ್ಕರ್ ಕೂಗಿದರೆ ತಾಯಿ ಕಿವಿ ಮುಟ್ಟಿಕೊಂಡು, 'ಕೇಳಿಸ್ತಾ?' ಎಂದು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಮಗುವನ್ನು ಎತ್ತಿಕೊಂಡು ಒಲೆಯ ಬಳಿ ಹೋಗಿ ತೋರಿಸಬೇಕು. ಮೊದಲು ಸದ್ದು, ನಂತರ ನೋಟ, ನಡುವೆ ಒಂದು ಕಾಯುವಿಕೆ. ಮೈಸೂರಿನಲ್ಲಿ 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪುಟ್ಟ ಮಕ್ಕಳ ಶಾಲೆಯಲ್ಲಿ ತಾಯಂದಿರಿಗೂ ತರಬೇತಿ ಕೊಡುವುದು ಇದಕ್ಕಾಗಿಯೇ. ವಾರಕ್ಕೆ ಒಂದೆರಡು ಗಂಟೆಯ ಚಿಕಿತ್ಸೆ ಮಗುವಿಗೆ ಭಾಷೆ ಕೊಡಲಾರದು. ಉಳಿದ ಎಚ್ಚರದ ಗಂಟೆಗಳನ್ನು ಹೇಗೆ ಬಳಸಬೇಕೆಂದು ತಾಯಿಗೆ ಹೇಳಿಕೊಡಬಲ್ಲದು. ತಾಯಿ ಎಂದು ಬರೆದೆ, ಅಜ್ಜ ಅಜ್ಜಿಯರೂ ಆಗಬಹುದು. ಹಳ್ಳಿಮನೆಗಳಲ್ಲಿ ಮಾತಿಗೆ ಬಡತನವಿಲ್ಲ. ಕೊರತೆ ಇರುವುದು ಕೇಬಲ್ಲು ಹಾಳಾದಾಗ, ಬ್ಯಾಟರಿ ಮುಗಿದಾಗ ಕೂಡಲೇ ಸಿಗುವ ದುರಸ್ತಿಗೆ.

ಸಂಜ್ಞಾಭಾಷೆಯ ಮಾತು ಎತ್ತದೆ ಇರುವುದು ಈ ವಿಡಿಯೊಗಳ ಇನ್ನೊಂದು ಮೌನ. ಸನ್ನೆ ಮಾಡಿದರೆ ಮಗು ಕೇಳುವುದನ್ನು ಬಿಡುತ್ತದೆ ಎಂದು ಹಲವರು ಹೆದರಿಸುತ್ತಾರೆ. ಯಾವುದು ಮೇಲೆಂಬ ವಾದ ತಜ್ಞರಲ್ಲೇ ಮುಗಿದಿಲ್ಲ. ಆದರೆ ಶಸ್ತ್ರಚಿಕಿತ್ಸೆಗೆ ಕಾಯುವ ತಿಂಗಳುಗಳಲ್ಲಿ, ಯಂತ್ರ ಕೆಟ್ಟು ಕುಳಿತ ವಾರಗಳಲ್ಲಿ ಮಗು ಯಾವ ಭಾಷೆಯೂ ಇಲ್ಲದೆ ಇರಬೇಕೆನ್ನುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಅಧ್ಯಾಪಕರೇ, ಇಂಥ ಮಗು ನಿಮ್ಮ ತರಗತಿಗೆ ಬಂದರೆ ಅದರ ಹುಟ್ಟಿದ ತಾರೀಖಿನ ಜೊತೆಗೆ ಸ್ವಿಚ್ ಹಾಕಿದ ತಾರೀಖನ್ನೂ ಬರೆದಿಟ್ಟುಕೊಳ್ಳಿ. ಆರು ವರ್ಷದ ಮಗುವಿನ ಶ್ರವಣ ವಯಸ್ಸು ಮೂರೇ ಇರಬಹುದು. ತೆರೆದ ಸ್ಥಳದಲ್ಲಿ ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೊಠಡಿಯಲ್ಲಿ ಗೋಡೆಗಳ ಪ್ರತಿಧ್ವನಿ ಅದಕ್ಕೆ ಸೇರಿ ಇನ್ನಷ್ಟು ಕಲಸುತ್ತದೆ. ಆದ್ದರಿಂದ ಮುಂದಿನ ಬೆಂಚು, ಫ್ಯಾನಿನಿಂದಲೂ ಕಿಟಕಿಯಿಂದಲೂ ದೂರ. ಬೆಳಿಗ್ಗೆ ಹಾಜರಿಗೆ ಮುಂಚೆ ಡೇನಿಯಲ್ ಲಿಂಗ್ ರೂಪಿಸಿದ ಆರು ಸದ್ದುಗಳ ಪರೀಕ್ಷೆ ಮಾಡಬಹುದು: ಮ್, ಊ, ಆ, ಈ, ಶ್, ಸ್. ಕಡಿಮೆ ಆವೃತ್ತಿಯಿಂದ ಹೆಚ್ಚಿನ ಆವೃತ್ತಿಯವರೆಗೆ ಮಾತಿನ ಹರವನ್ನೆಲ್ಲ ಇವು ಮುಟ್ಟುತ್ತವೆ. ಆರೂ ಕನ್ನಡದಲ್ಲಿವೆ, ಭಾಷಾಂತರ ಬೇಡ. ಮಗುವಿನ ಹಿಂದೆ ನಿಂತು, ಕ್ರಮ ತಪ್ಪಿಸಿ, ನಡುವೆ ಬೇರೆ ಬೇರೆ ಅಂತರ ಬಿಟ್ಟು ಹೇಳಿ. ಕೇಳಿದ್ದನ್ನು ಮಗು ತಿರುಗಿ ಹೇಳಲಿ, ಅಥವಾ ಕೈ ಎತ್ತಲಿ. ಒಂದು ನಿಮಿಷದ ಕೆಲಸ. ಆರಕ್ಕೂ ಸುಮ್ಮನಿದ್ದರೆ ಮೊದಲು ಬ್ಯಾಟರಿಯನ್ನೂ ತಲೆಯ ಮೇಲಿನ ಬಿಲ್ಲೆಯನ್ನೂ ನೋಡಿ. ನಿನ್ನೆಯವರೆಗೆ ಕೇಳುತ್ತಿದ್ದ ಸ್, ಶ್‌ಗಳು ಮಾತ್ರ ತಪ್ಪಿದರೆ ಮ್ಯಾಪಿಂಗ್ ಅಥವಾ ಮೈಕನ್ನು ಪರೀಕ್ಷಿಸಬೇಕಾದೀತು. ಮನೆಯವರಿಗೆ ಅಂದೇ ತಿಳಿಸಿ.