ಹೊರುವುದು ಬೇರೆ, ಕೂರುವುದು ಬೇರೆ

ನಮ್ಮ ಕೋಲಾರದ ಕಡೆ ದೇವರೆಂದರೆ ಹೆಚ್ಚಾಗಿ ಹೆಣ್ಣೇ. ಪಟ್ಟಣದಲ್ಲಿ ಕೋಲಾರಮ್ಮ, ಹಳ್ಳಿಗೊಬ್ಬಳು ಗಂಗಮ್ಮ, ಸಪ್ಪಲಮ್ಮ, ಯಲ್ಲಮ್ಮ, ಮಾರಮ್ಮ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ತಾಲ್ಲೂಕಿಗೆ ಹೋಗಿ ನೋಡಿ, ಊರಹಬ್ಬದ ದಿನ ತಂಬಿಟ್ಟಿನ ದೀಪವನ್ನು ತಲೆಯ ಮೇಲಿಟ್ಟುಕೊಂಡು ಸಾಲಾಗಿ ಹೊರಡುವವರು ಹೆಂಗಸರು. ಅಕ್ಕಿ ನೆನೆಹಾಕಿ ಕುಟ್ಟಿ, ಬೆಲ್ಲ ಕಲಸಿ, ದೀಪ ಕಟ್ಟಿ, ಹೂ ಸುತ್ತಿ, ಹೊಟ್ಟೆಗೆ ಏನೂ ಹಾಕಿಕೊಳ್ಳದೆ ತಮಟೆಯ ಹಿಂದೆ ನಡೆಯುತ್ತಾರೆ. ಗುಡಿಯ ಹೊಸಿಲ ತನಕ ದೀಪ ಅವರದು. ಹೊಸಿಲು ದಾಟಿದ ಮೇಲೆ ಅದು ಪೂಜಾರಿಯದು.

ಹೊರುವುದರಲ್ಲಿಯೂ ದೊಡ್ಡ ಹೊರೆ ಗಂಡಸಿನದೇ ಅನ್ನಿ. ಮಾಲೂರು, ಕೋಲಾರದ ಕರಗಗಳನ್ನು ನೋಡಿದವರಿಗೆ ಗೊತ್ತು. ಅದು ದ್ರೌಪದಿಯ ಕರಗ. ಹೊರುವವನು ಸೀರೆ ಉಡಬೇಕು, ಬಳೆ ತೊಡಬೇಕು, ಮಲ್ಲಿಗೆ ಮುಡಿಯಬೇಕು. ಇಷ್ಟೆಲ್ಲ ಆಗಬೇಕಾದರೆ ಹೆಂಗಸಿಗೇ ಹೊರಿಸಬಹುದಿತ್ತಲ್ಲ ಎಂದು ನಾನು ಚಿಕ್ಕವಳಿದ್ದಾಗ ಕೇಳಿ ಬೈಸಿಕೊಂಡಿದ್ದೇನೆ. ಆ ಸಂಭ್ರಮವನ್ನು ಹಳಿಯುವುದು ನನ್ನ ಉದ್ದೇಶವಲ್ಲ, ಮಲ್ಲಿಗೆ ಎರಚುವ ಕೈಗಳಲ್ಲಿ ನನ್ನದೂ ಒಂದು. ಆದರೆ ಪ್ರಶ್ನೆ ಇನ್ನೂ ಹಾಗೆಯೇ ಇದೆ.

ಇನ್ನು ದೇವರು ಮೈಮೇಲೆ ಬರುವುದುಂಟು. ಆ ಅರ್ಧ ಗಂಟೆ ಊರಿನ ಹಿರಿಯರು, ಪಂಚಾಯ್ತಿಯವರು ಎಲ್ಲರೂ ಕೈಕಟ್ಟಿ "ಏನಮ್ಮ ತಪ್ಪಾಯ್ತು, ಹೇಳು ತಾಯಿ" ಎಂದು ಕೇಳುತ್ತಾರೆ. ಮಾವನಿಗೂ ಅವಳು ಏಕವಚನದಲ್ಲೇ ಮಾತಾಡುತ್ತಾಳೆ. ನಿಂಬೆಹಣ್ಣು ಕೊಟ್ಟು ಕರ್ಪೂರ ಹಚ್ಚಿದರೆ ಮುಗಿಯಿತು. ಮಾರನೆಯ ಬೆಳಗ್ಗೆ ಅದೇ ಮಾವನಿಗೆ ಕಾಫಿ ತಡವಾದರೆ ಬೈಗುಳ ಅವಳಿಗೆ. ಅಂದರೆ ಮಾತಿಗೆ ಬೆಲೆ ಬಂದದ್ದು ಅದು ಅವಳ ಮಾತಲ್ಲ ಎಂದು ನಂಬಿದ್ದರಿಂದ. ಇದನ್ನು ಹೆಣ್ಣಿನ ಧಾರ್ಮಿಕ ಅಧಿಕಾರ ಎಂದು ಹೊಗಳಿ ಬರೆಯುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ತನ್ನ ಹೆಸರಿನಲ್ಲಿ, ತನ್ನ ಎಚ್ಚರದಲ್ಲಿ, ಓದಿ ಯೋಚಿಸಿ ಹೇಳಿದ ಮಾತಿಗೆ ಜನ ತಲೆಬಾಗಿದಾಗ ಮಾತ್ರ ಅದು ಅಧಿಕಾರ.

ಮುಳಬಾಗಿಲು ತಾಲ್ಲೂಕಿನ ಆವಣಿಗೆ ಶಿವರಾತ್ರಿಯ ಜಾತ್ರೆಗೆಂದು ಹೋಗುವವರು ನಮ್ಮಲ್ಲಿ ಬಹಳ ಜನ. ಬೆಟ್ಟದ ಮೇಲೆ ಸೀತಮ್ಮ, ಕೆಳಗೆ ರಾಮಲಿಂಗೇಶ್ವರನ ಗುಡಿಗಳ ಗುಂಪು. ಬಸುರಿ ಸೀತೆ ವಾಲ್ಮೀಕಿಯ ಆಶ್ರಮದಲ್ಲಿದ್ದು ಲವಕುಶರನ್ನು ಹೆತ್ತ ಜಾಗ ಇದೇ ಎಂದು ನಂಬಿಕೆ. ಈ ಊರಿನ ಶಾಸನಗಳು ಕಥೆಗಿಂತ ಹೆಚ್ಚು ಯೋಚನೆಗೆ ಹಚ್ಚುತ್ತವೆ. 10ನೆಯ ಶತಮಾನದಲ್ಲಿ ನೊಳಂಬರ ರಾಣಿ ದೀವಬ್ಬರಸಿ ಇಲ್ಲಿ ಮಗನ ಹೆಸರಿನಲ್ಲಿ ಗುಡಿ ಕಟ್ಟಿಸಿದಳು. ಅದೇ ಕಾಲದಲ್ಲಿ ಆವಣಿಯ ಸ್ಥಾನವನ್ನು ನಲವತ್ತು ವರ್ಷ ಆಳಿದವನು ತ್ರಿಭುವನಕರ್ತರದೇವನೆಂಬ ತಪಸ್ವಿ. ಐವತ್ತು ಗುಡಿ, ಎರಡು ದೊಡ್ಡ ಕೆರೆ ಅವನ ಲೆಕ್ಕಕ್ಕೆ ಸೇರಿವೆ. 'ಕಲಿಯುಗ ರುದ್ರ' ಎಂಬ ಬಿರುದೂ ಸಿಕ್ಕಿತು. ರಾಣಿಯಾದವಳು ಕೊಟ್ಟಳು, ಕಟ್ಟಿಸಿದಳು. ಸ್ಥಾನದಲ್ಲಿ ಕುಳಿತವನು ಗಂಡಸು. ಸಾವಿರ ವರ್ಷದ ಮೇಲೂ ಹುಂಡಿಗೆ ಹಾಕುವ ಕೈ, ಪ್ರಸಾದಕ್ಕೆ ಅಕ್ಕಿ ಆರಿಸುವ ಕೈ ಯಾರದು, ದೇವಸ್ಥಾನದ ಸಮಿತಿಯ ಫೋಟೋದಲ್ಲಿ ಕುರ್ಚಿಯ ಮೇಲಿರುವವರು ಯಾರು ಎಂದು ನಿಮ್ಮ ನಿಮ್ಮ ಊರಿನಲ್ಲೇ ನೋಡಿಕೊಳ್ಳಿ.

ಬೌದ್ಧರಲ್ಲಿ ಹೀಗಿಲ್ಲ ಎಂದು ಹೇಳುವವರಿದ್ದಾರೆ. ನಮ್ಮ ಜಿಲ್ಲೆಗೆ ಬೌದ್ಧಧರ್ಮ ಹೊಸದೇನಲ್ಲ. ಪಂಡಿತ ಅಯೋತಿ ದಾಸರು 1898ರಲ್ಲಿ ಮದರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆ ಕೆ.ಜಿ.ಎಫ್.ನ ಮಾರಿಕುಪ್ಪಂನಲ್ಲಿತ್ತು. ಚಿನ್ನದ ಗಣಿಯ ತಮಿಳು ಕಾರ್ಮಿಕರು ಜಾತಿಯ ನೊಗ ಇಳಿಸಲು ಬುದ್ಧನ ಹತ್ತಿರ ಹೋದರು. ದೊಡ್ಡ ಕೆಲಸವದು. ಆದರೆ ಹೆಂಗಸರ ವಿಷಯದಲ್ಲಿ ಬೌದ್ಧರ ಹಳೆಯ ಪುಸ್ತಕಗಳನ್ನು ಓದಿದರೆ ಮನಸ್ಸು ಎರಡಾಗುತ್ತದೆ. ಬುದ್ಧನನ್ನು ಸಾಕಿದ ಚಿಕ್ಕಮ್ಮ ಮಹಾಪಜಾಪತಿ ಗೋತಮಿ ದೀಕ್ಷೆ ಕೇಳಿದಳು, ಅವನು ಕೊಡಲಿಲ್ಲ. ತಲೆ ಬೋಳಿಸಿಕೊಂಡು, ಜೊತೆಯ ಹೆಂಗಸರನ್ನು ಕರೆದುಕೊಂಡು ವೈಶಾಲಿಯ ತನಕ ನಡೆದಳು. ಕಾಲು ಊದಿಸಿಕೊಂಡು ಬಾಗಿಲಲ್ಲಿ ಅಳುತ್ತ ನಿಂತವಳಿಗಾಗಿ ಆನಂದ ವಾದಿಸಿದ. ಆಗ ದೀಕ್ಷೆ ಸಿಕ್ಕಿತು, ಎಂಟು ಕಟ್ಟಳೆಗಳ ಜೊತೆಗೆ. ಮೊದಲನೆಯದೇ ಸಾಕು: ಭಿಕ್ಷುಣಿಗೆ ದೀಕ್ಷೆಯಾಗಿ ನೂರು ವರ್ಷವಾಗಿದ್ದರೂ, ಇವತ್ತು ದೀಕ್ಷೆ ಪಡೆದ ಭಿಕ್ಷುವಿಗೆ ಅವಳು ಎದ್ದು ನಮಸ್ಕರಿಸಬೇಕು. ಮನೆಯಲ್ಲಿ ಎಪ್ಪತ್ತರ ಅಜ್ಜಿ, ಮನೆಗೆ ಬಂದ ಹುಡುಗಪ್ರಾಯದ ಅಳಿಯನನ್ನು ಕಂಡು ಎದ್ದು ನಿಲ್ಲುವುದು ಕಣ್ಣ ಮುಂದೆ ಬರುತ್ತದೆ.

ಹಾಗೆಂದು ಆ ಭಿಕ್ಷುಣಿಯರು ತಲೆ ತಗ್ಗಿಸಿ ಕೂರಲಿಲ್ಲ. ಥೇರಿಗಾಥಾ ಅವರದೇ ಪದ್ಯಗಳ ಸಂಗ್ರಹ. ಒನಕೆ, ಒರಳು, ಗೂನುಬೆನ್ನಿನ ಗಂಡನಿಂದ ಬಿಡುಗಡೆ ಸಿಕ್ಕಿತೆಂದು ಹೇಳಿಕೊಳ್ಳುವವಳು ಅಲ್ಲಿದ್ದಾಳೆ. ಶಿಷ್ಯೆಯರಿಗೆ ಬೋಧಿಸುವ ಪಟಾಚಾರೆ ಇದ್ದಾಳೆ. ಇಷ್ಟು ದೊಡ್ಡ ಪರಂಪರೆ ಥೇರವಾದದಲ್ಲಿ ನೂರಾರು ವರ್ಷ ಕಡಿದುಹೋಗಿತ್ತು. ಕಾರಣ ಸರಳ: ಹೊಸ ಭಿಕ್ಷುಣಿಗೆ ದೀಕ್ಷೆ ಕೊಡಲು ಹಳೆಯ ಭಿಕ್ಷುಣಿಯರು ಇರಬೇಕು. ಒಂದು ತಲೆಮಾರು ತಪ್ಪಿದರೆ ಮುಂದಿನದು ಹುಟ್ಟುವುದಿಲ್ಲ. 1996ರಲ್ಲಿ ಸಾರನಾಥದಲ್ಲಿ, 1998ರಲ್ಲಿ ಬೋಧಗಯೆಯಲ್ಲಿ ಶ್ರೀಲಂಕೆಯ ಹೆಂಗಸರಿಗೆ ಮತ್ತೆ ದೀಕ್ಷೆಯಾದಾಗ, ಇದು ಸಲ್ಲದು ಎಂದು ಹಟ ಹಿಡಿದ ಹಿರಿಯ ಭಿಕ್ಷುಗಳಿದ್ದರು. ನಮ್ಮ ರಾಜ್ಯದಲ್ಲೇ, ಮುಂಡಗೋಡಿನ ಟಿಬೆಟನ್ ವಿಹಾರದಲ್ಲಿ, 2016ರ ಡಿಸೆಂಬರಿನಲ್ಲಿ 20 ಸನ್ಯಾಸಿನಿಯರಿಗೆ ದಲಾಯಿ ಲಾಮಾ ಅವರು ಗೆಶೆಮಾ ಪದವಿ ಕೊಟ್ಟರು. ವರ್ಷಗಟ್ಟಲೆ ಓದಿ, ತರ್ಕದಲ್ಲಿ ವಾದ ಮಾಡಿ ಗೆದ್ದು ಪಡೆಯುವ ಪದವಿ. ಅಲ್ಲಿಯ ತನಕ ಅದು ಹೆಚ್ಚು ಕಡಿಮೆ ಗಂಡಸರ ಸೊತ್ತು.

ಹಿಂದೂ ಮಠಗಳ ಕಡೆಗೆ ತಿರುಗಿದರೆ ಕನ್ನಡದ ಹೆಂಗಸಿಗೆ ನೆನಪಾಗುವ ಹೆಸರು ಮಾತೆ ಮಹಾದೇವಿಯವರದು. (ಲಿಂಗಾಯತ ಧರ್ಮ ಹಿಂದೂ ಧರ್ಮದ ಒಳಗೋ ಹೊರಗೋ ಎಂಬುದು ಬೇರೆ ಜಗಳ. ಅವರು ಹೊರಗೆ ಎಂದೇ ಹೋರಾಡಿದವರು.) ಚಿತ್ರದುರ್ಗದ ಕಡೆಯ ಹುಡುಗಿ, ಬಿ.ಎಸ್ಸಿ. ಓದಿದವಳು, ಲಿಂಗಾನಂದ ಸ್ವಾಮಿಗಳಿಂದ 1966ರಲ್ಲಿ ಜಂಗಮ ದೀಕ್ಷೆ ಪಡೆದು, 1970ರಲ್ಲಿ ಧಾರವಾಡದ ಅಕ್ಕಮಹಾದೇವಿ ಅನುಭಾವ ಪೀಠದಲ್ಲಿ ಜಗದ್ಗುರುವಾಗಿ ಕುಳಿತರು. ಆಗ ಅವರಿಗೆ 24 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಮದುವೆಯಾಗದಿದ್ದರೆ ನೆಂಟರು ಜಾತಕ ಹಿಡಿದು ಬರುತ್ತಿದ್ದ ಕಾಲವದು. 'ಜಗದ್ಗುರು' ಪದಕ್ಕೆ ಸ್ತ್ರೀಲಿಂಗ ಯಾವುದು ಎಂದು ನಗುತ್ತ ಕೇಳಿದವರನ್ನು ನಾನೇ ಕಂಡಿದ್ದೇನೆ. ಆ ಪದಕ್ಕೆ ಲಿಂಗಭೇದ ಬೇಕಿಲ್ಲ ಎಂಬ ಉತ್ತರ ಅವರು ಕುಳಿತದ್ದರಲ್ಲೇ ಇತ್ತು.

ಆದರೆ ಅವರ 'ಬಸವ ವಚನ ದೀಪ್ತಿ'ಯ ವಿಷಯದಲ್ಲಿ ನಾನು ಅವರ ಪಕ್ಷವಲ್ಲ. ಬಸವಣ್ಣನವರ ವಚನಗಳ ಕೊನೆಯ 'ಕೂಡಲಸಂಗಮದೇವ' ಎಂಬ ಅಂಕಿತವನ್ನು ತೆಗೆದು 'ಲಿಂಗದೇವ' ಎಂದು ಮಾಡಿದರು. ಇಷ್ಟಲಿಂಗದ ತತ್ವಕ್ಕೆ ಅದೇ ಸರಿ ಎಂಬುದು ಅವರ ನಿಲುವು. ತತ್ವ ಏನೇ ಇರಲಿ, ಇನ್ನೊಬ್ಬರ ರುಜುವನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ. ಹೆಂಗಸರಾದ ನಾವಂತೂ ಇದನ್ನು ಒಪ್ಪಬಾರದು. ನಾಳೆ ಯಾರೋ ಬಂದು ಅಕ್ಕನ ವಚನದಿಂದ 'ಚೆನ್ನಮಲ್ಲಿಕಾರ್ಜುನ'ನನ್ನು ಕಿತ್ತು ತಮಗೆ ಬೇಕಾದ ಹೆಸರು ಹಾಕಿದರೆ ಅಕ್ಕನದೆಂದು ಏನು ಉಳಿಯುತ್ತದೆ? ಎಷ್ಟೋ ಶರಣೆಯರ ಬದುಕಿನ ವಿವರ ನಮಗೆ ಸಿಗುವುದಿಲ್ಲ. ಉಳಿದಿರುವುದು ಅಂಕಿತ.

ಸರ್ಕಾರ 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಇದೂ ನನಗೆ ಸರಿ ಕಾಣಲಿಲ್ಲ. ತಪ್ಪು ಪಾಠಕ್ಕೆ ಮದ್ದು ಸರಿಯಾದ ಪಾಠ, ಪೊಲೀಸರಲ್ಲ. ಇನ್ನೊಂದು ಮಾತು. ಆ ಜಗಳದ ದಿನಗಳಲ್ಲಿ ನಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲಿ, ಮದುವೆಮನೆಗಳಲ್ಲಿ ಕಿವಿಗೆ ಬಿದ್ದದ್ದು ಅಂಕಿತದ ಚರ್ಚೆಯಲ್ಲ. "ಹೆಂಗಸಿಗೆ ಪೀಠ ಕೊಟ್ಟರೆ ಇನ್ನೇನಾಗುತ್ತೆ" ಎಂಬ ಮಾತು. ಗಂಡಸು ಗುರು ಎಡವಿದರೆ ಅವನೊಬ್ಬ ಎಡವಿದ ಹಾಗೆ. ಹೆಣ್ಣು ಗುರು ಎಡವಿದರೆ ಹೆಣ್ಣುಕುಲವೇ ಎಡವಿದ ಹಾಗೆ. ಅವರ ತಪ್ಪನ್ನು ತಪ್ಪೆಂದು ಹೇಳಲೂ ನಮಗೆ ಹೆದರಿಕೆ, ಹೇಳಿದರೆ ಎಲ್ಲಿ ಆ ಬಾಯಿಗಳಿಗೆ ಕಜ್ಜಾಯ ಕೊಟ್ಟಂತಾಗುತ್ತದೋ ಎಂದು. ಎಷ್ಟೋ ಓದಿದ ಹೆಂಗಸರು ಆಗ ಸುಮ್ಮನಿದ್ದದ್ದು ಇದಕ್ಕೇ ಎಂದು ನನ್ನ ಅನುಮಾನ. ಗುರುವಿನ ಮಾತನ್ನು ಗುರುವಿನ ಮಾತಾಗಿಯೇ ಎದುರಿಸುವುದು ಅವರಿಗೆ ಸಲ್ಲಬೇಕಾದ ಮರ್ಯಾದೆಯಾಗಿತ್ತು.

ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದರು. ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗುಡಿ ಅದು. ಅರಿಶಿನ ಕುಂಕುಮಕ್ಕೆ ಕರೆಯದೆ ಬಿಟ್ಟವರ ಕೈಯಿಂದ ಮಂಗಳಾರತಿ. ಸುದ್ದಿ ಓದಿ ನಮ್ಮ ಬೀದಿಯ ಅಜ್ಜಿಯೊಬ್ಬರು "ಪರವಾಗಿಲ್ಲವೇ, ದೇವರು ಬೇಡ ಅನ್ನಲಿಲ್ಲವಂತಾ?" ಎಂದು ಕೇಳಿದರು. ನಾನು ಕೇಳಬೇಕೆಂದಿರುವುದು ಬೇರೆ: ಅವರು ಮುಂದಿನವರಿಗೆ ಕಲಿಸುತ್ತಾರೆಯೇ? ಕಲಿಸುವ ಅಧಿಕಾರವನ್ನೂ ಕೊಟ್ಟರೆ ಭಿಕ್ಷುಣಿಯರ ಸಂಘಕ್ಕೆ ಆದ ಗತಿ ಇವರಿಗೆ ಬರುವುದಿಲ್ಲ. ಮಾತೆ ಮಹಾದೇವಿಯವರು 2019ರ ಮಾರ್ಚ್ 14ರಂದು ಲಿಂಗೈಕ್ಯರಾದಾಗ ನಾನು ಪತ್ರಿಕೆಗಳಲ್ಲಿ ಹುಡುಕಿದ್ದು ಶ್ರದ್ಧಾಂಜಲಿಗಳನ್ನಲ್ಲ, ಕೂಡಲಸಂಗಮದ ಬಸವ ಧರ್ಮ ಪೀಠಕ್ಕೆ ಇನ್ನು ಯಾರು ಎಂಬುದನ್ನು. ಮಾತೆ ಗಂಗಾದೇವಿಯವರು ಬಂದರು.