ರಾಯರ ತಲೆಗೆ ಥರ್ಮೋಕೋಲ್

ನವೆಂಬರ್ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಐಟಿ ಕಚೇರಿಗಳಲ್ಲಿ ‘ವಿಜಯನಗರ ಥೀಮ್’ ಪಾರ್ಟಿಗಳ ಸುಗ್ಗಿ. ಒಂದೊಂದು ಪಾರ್ಟಿಯಲ್ಲೂ ಹತ್ತಾರು ಕೃಷ್ಣದೇವರಾಯರು, ಎಲ್ಲರದ್ದೂ ಒಂದೇ ವೇಷ: ಕೆಂಪು ಮಖಮಲ್ಲಿನ ನಿಲುವಂಗಿ, ಚಿನ್ನದ ಕಾಗದ ಅಂಟಿಸಿದ ಥರ್ಮೋಕೋಲ್ ಕಿರೀಟ, ಮೂತಿ ಸುರುಳಿಯಾದ ಮೋಜಡಿ. ಅದೇ ಬಾಡಿಗೆ ಸೆಟ್ಟು ಮಾರನೇ ವಾರ ಪುಲಿಕೇಶಿಗೂ ಹೋಗುತ್ತದೆ, ಅಕ್ಬರನಿಗೂ ಹೋಗುತ್ತದೆ. ಆದರೂ ‘ಗ್ರ್ಯಾಂಡ್’ ಎಂಬ ಕೀರ್ತಿ ಅದರದ್ದೇ. ಮನೆಯಲ್ಲಿ ಹೊಲಿದುಕೊಂಡು ಬಂದವರನ್ನು ಜನ ಪಾಪ ಎಂಬಂತೆ ನೋಡುತ್ತಾರೆ. ನನಗಂತೂ ಪಾಪ ಎನಿಸುವುದು ಬಾಡಿಗೆ ಕೊಟ್ಟು ಸುಳ್ಳನ್ನು ಹೊತ್ತು ತಂದವರನ್ನು ಕಂಡರೆ.

ಈ ಸೆಟ್ಟು ಕಂಪನಿ ನಾಟಕದ ಮಗು. ಮಂದ ಬೆಳಕಿನಲ್ಲಿ ಕೊನೇ ಸಾಲಿನವನಿಗೂ ರಾಜ ಯಾರೆಂದು ತಿಳಿಯಬೇಕಿತ್ತು, ಅದಕ್ಕೇ ಅಷ್ಟು ಮಿಣಮಿಣ. ಅಲ್ಲಿಂದ ಅದು ಸಿನಿಮಾಕ್ಕೆ ನಡೆದುಬಂತು. 1970ರಲ್ಲಿ ಬಿ.ಆರ್. ಪಂತುಲು ಅವರ ಚಿತ್ರದಲ್ಲಿ ಡಾ. ರಾಜಕುಮಾರ್ ರಾಯರಾಗಿ ನಿಂತ ಮೇಲೆ ಕನ್ನಡಿಗರ ಕಣ್ಣಿಗೆ ಬೇರೆ ರಾಯರು ಹಿಡಿಸುವುದು ಕಷ್ಟವೇ. ರಂಗದ ಮೇಲೆ ಆ ಮಿಣಮಿಣ ಸರಿ. ಕ್ಲಬ್‌ಹೌಸಿನ ಟ್ಯೂಬ್‌ಲೈಟಿನ ಕೆಳಗೆ, ಎರಡಡಿ ದೂರದಲ್ಲಿ ಚಮಕಿ ಉದುರುವುದೂ ಕಾಣುತ್ತದೆ.

ರಾಯರನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಆಸುಪಾಸಿನಲ್ಲಿ ಏನು ಬರೆದಿಟ್ಟ? ಚಿನ್ನದೆಳೆಯ ಗುಲಾಬಿ ಕಸೂತಿಯ ಬಿಳಿ ಬಟ್ಟೆ, ಕೊರಳಲ್ಲಿ ವಜ್ರದ ಆಭರಣ, ತಲೆಗೆ ಜರತಾರಿಯ ಟೋಪಿ, ಬರಿಗಾಲು. ಮಖಮಲ್ಲೂ ಇಲ್ಲ, ಕಿರೀಟವೂ ಇಲ್ಲ, ಮೋಜಡಿಯಂತೂ ಇಲ್ಲವೇ ಇಲ್ಲ. ವಜ್ರವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಬೀರುವಿನಲ್ಲೇ ಇದೆ. ಉದ್ದ ತೋಳಿನ ಹಳೇ ಬಿಳಿ ಕುರ್ತಾ, ಒಂದು ಪಂಚೆ, ಹಳದಿ ದಾರದಲ್ಲಿ ಹಾಕಿದ ನಾಲ್ಕು ಗುಲಾಬಿ. ಅಂಗಿಯ ಮಾತು ಇಷ್ಟಕ್ಕೆ ಸಾಕು.

ವೇಷದ ಜೀವ ಇರುವುದು ಟೋಪಿಯಲ್ಲಿ, ಅಂದರೆ ಕುಲ್ಲಾಯಿಯಲ್ಲಿ. ಮನೆಯಲ್ಲಿ ಮಾಡುವವರೂ ಎಡವುವುದು ಇಲ್ಲಿಯೇ. ಚಾರ್ಟ್ ಶೀಟನ್ನು ಶಂಕುವಿನಂತೆ ಸುತ್ತಿ ಮೇಲೆ ಬಣ್ಣದ ಕಾಗದ ಅಂಟಿಸಿದರೆ ಅದು ಹುಟ್ಟುಹಬ್ಬದ ಟೋಪಿ. ಲೇಪಾಕ್ಷಿ ದೇವಸ್ಥಾನದ ಚಾವಣಿಯ ಚಿತ್ರದಲ್ಲಿ ಅದನ್ನು ಕಟ್ಟಿಸಿದ ವಿರೂಪಣ್ಣನ ಪರಿವಾರ ಸಾಲಾಗಿ ನಿಂತಿದೆಯಲ್ಲ, ಆ ತಲೆಗಳನ್ನು ಕತ್ತೆತ್ತಿ ಸ್ವಲ್ಪ ಹೊತ್ತು ನೋಡಬೇಕು. ಟೋಪಿ ಎತ್ತರವಾಗಿದೆ, ಆದರೆ ತುದಿ ಮೊನಚಲ್ಲ. ಅದು ಬಟ್ಟೆಯೆಂದು ನೋಡಿದರೇ ತಿಳಿಯುತ್ತದೆ. ಕಾಗದ ಈ ಗುಣವನ್ನು ಕೊಡಲಾರದು, ಮಡಿಚಿದಲ್ಲಿ ಗೆರೆ ಬಿದ್ದುಬಿಡುತ್ತದೆ. ಟೈಲರುಗಳು ಕಾಲರಿಗೆ ಹಾಕುವ ಕ್ಯಾನ್ವಾಸ್ ತನ್ನಿ. ತಲೆಯ ಸುತ್ತಳತೆಗೆ ಒಂದು ಬೆರಳು ಹೆಚ್ಚು ಬಿಟ್ಟು ಸುತ್ತಿ, ಮೇಲಕ್ಕೆ ಹೋಗುತ್ತ ಕಿರಿದಾಗಿಸಿ, ತುದಿಯನ್ನು ಕತ್ತರಿಸಿಬಿಡಿ. ಆ ಬಾಯಿಗೆ ಹತ್ತಿಯ ಉಂಡೆ ತುರುಕಿದರೆ ನೆತ್ತಿ ದುಂಡಗಾಗುತ್ತದೆ. ಅದರ ಮೇಲೆ ಮೊದಲು ಹಳೇ ಹತ್ತಿ ಬಟ್ಟೆ, ಆಮೇಲೆ ಹರಿದ ರೇಷ್ಮೆ ಸೀರೆಯ ಸೆರಗು. ನಡುವಿನ ಹತ್ತಿ ಬಟ್ಟೆ ಬಿಟ್ಟರೆ ಸವೆದ ರೇಷ್ಮೆಯೊಳಗಿಂದ ಕ್ಯಾನ್ವಾಸ್ ಬೆಳ್ಳಗೆ ಇಣುಕುತ್ತದೆ. ಫೆವಿಕಾಲ್ ಬೇಡ, ರೇಷ್ಮೆಯ ಮೇಲೆ ಕಲೆ ಕೂರುತ್ತದೆ; ಕಚ್ಚಾ ಹೊಲಿಗೆ ಸಾಕು. ಸೀರೆಯ ಅಂಚನ್ನು ಬುಡಕ್ಕೆ ಪಟ್ಟಿಯಾಗಿ ಸುತ್ತಿದರೆ ಹೊಲಿಗೆಯೂ ಮುಚ್ಚುತ್ತದೆ, ಜರಿಯೂ ಮಿನುಗುತ್ತದೆ. ಅಜ್ಜಿಯ ಸೀರೆಗೆ ಕತ್ತರಿ ಹಾಕುವ ಮುನ್ನ ಅಜ್ಜಿಯನ್ನು ಕೇಳಿ ಎಂದಷ್ಟೇ ನನ್ನ ಎಚ್ಚರಿಕೆ.

ಇಲ್ಲಿಗೆ ಎರಡು ಬಗೆಯ ವಿಮರ್ಶಕರು ಎದ್ದು ನಿಲ್ಲುತ್ತಾರೆ. ‘ಪಾರ್ಟಿಗೆ ಯಾಕ್ರೀ ಇಷ್ಟೊಂದು ಇತಿಹಾಸ’ ಎನ್ನುವವರಿಗೆ ಉತ್ತರವೇ ಬೇಡ. ಇತಿಹಾಸ ಬೇಡವಾದರೆ ಆಹ್ವಾನದಲ್ಲಿ ವಿಜಯನಗರ ಎಂದು ಹಾಕಬಾರದಿತ್ತು. ಎರಡನೆಯವರು ಗಟ್ಟಿ ದನಿಯವರು. ಅವರ ಪ್ರಕಾರ ಈ ಟೋಪಿ ಸುಲ್ತಾನರ ಕಡೆಯದು, ಹಿಂದೂ ಸಾಮ್ರಾಟನ ತಲೆಗೆ ಅದನ್ನು ಏರಿಸುವುದು ಅಪಚಾರ, ಕಿರೀಟವೇ ಸರಿ. ಟೋಪಿಯ ನಂಟು ಆ ಕಡೆಗಿದೆ ಎಂಬುದು ನಿಜ. ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲೇ ಇದನ್ನು ವಿಸ್ತಾರವಾಗಿ ಬರೆದಿದ್ದಾರೆ. ವಿಜಯನಗರದ ಅರಸರು ಆಸ್ಥಾನದ ಉಡುಪನ್ನು ಅಂದಿನ ದೊಡ್ಡ ಜಗತ್ತಿನ ರೀತಿಗೆ ಒಗ್ಗಿಸಿಕೊಂಡರೇ ಹೊರತು ತಮ್ಮ ದೇವರನ್ನು ಬಿಡಲಿಲ್ಲ. ವ್ಯಾಗನರ್ ಬೇಡವೆಂದರೆ ತಿರುಮಲಕ್ಕೆ ಹೋಗಿ. ತಿರುಮಲದೇವಿ, ಚಿನ್ನಾದೇವಿಯರ ನಡುವೆ ರಾಯರ ಲೋಹದ ಪ್ರತಿಮೆ ಕೈಮುಗಿದು ನಿಂತಿದೆ. ಮೈಮೇಲೆ ಅಂಗಿಯಿಲ್ಲ, ತಲೆಯ ಮೇಲೆ ಟೋಪಿ ಹಾಗೇ ಇದೆ. ಶ್ರೀನಿವಾಸನ ಎದುರು ಅಂಗಿ ತೆಗೆದವರು ಟೋಪಿ ತೆಗೆಯಲಿಲ್ಲ. ದೇವರಿಗೇ ಅಡ್ಡಿಯಾಗದ ಟೋಪಿ ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಾಂಸ್ಕೃತಿಕ ಸಮಿತಿಗೆ ಏಕೆ ಅಡ್ಡಿ?

ಅಷ್ಟಕ್ಕೂ ಎಲ್ಲರೂ ರಾಯರೇ ಆಗಬೇಕೆಂಬ ಹಟವೇಕೋ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಈ ಊರಿನವರಿಗೆ ಊಟದಷ್ಟೇ ಗುಲಾಬಿಯೂ ಬೇಕು ಎಂದು ಬೆರಗಾಗಿದ್ದ. ಒಂದು ಬಿದಿರು ಬುಟ್ಟಿ, ಕೆ.ಆರ್. ಮಾರುಕಟ್ಟೆಯಿಂದ ತಂದ ಬಿಡಿ ಗುಲಾಬಿ, ಗಿಡ್ಡಕ್ಕೆ ಉಟ್ಟ ಹತ್ತಿ ಸೀರೆ, ಪಕ್ಕಕ್ಕೆ ಕಟ್ಟಿದ ತುರುಬು: ಹಂಪಿಯ ಹೂವಾಡಗಿತ್ತಿ ಸಿದ್ಧ. ಇಡೀ ಸಭೆಯಲ್ಲಿ ಆ ವೇಷದವರು ಒಬ್ಬರೇ ಇರುತ್ತಾರೆ ಎಂಬುದು ಲಾಭ.

ಬಾಡಿಗೆ ಸೆಟ್ಟಿನ ಪರವಾಗಿಯೂ ಒಂದು ಮಾತು ಹೇಳಬೇಕಲ್ಲ: ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಬರಿಗಾಲಿನ ರಾಯರ ಕಾಲು ಕೊಳೆಯಾದರೆ ನಲ್ಲಿಯಲ್ಲಿ ತೊಳೆದುಕೊಳ್ಳಬಹುದು. ಮಖಮಲ್ಲಿನ ಮೇಲೆ ಬಿಸಿಬೇಳೆಬಾತಿನ ತುಪ್ಪ ಬಿದ್ದರೆ ಅಂಗಡಿಯವನು ಅಡ್ವಾನ್ಸ್ ವಾಪಸ್ ಕೊಡುವುದಿಲ್ಲ.